ಮಹಾಪ್ರಬಂಧ: ಇಡೀ ಗ್ರಂಥವೋ, ಲೇಖನಗಳ ಸಂಪುಟವೋ?

ಪಿಎಚ್.ಡಿ.ಗೆ ಸೇರಿದವರು ವಿಷಯದ ಆಯ್ಕೆಗಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮಹಾಪ್ರಬಂಧದ ಸ್ವರೂಪದ ಬಗ್ಗೆ ಮಾತ್ರ ಬರವಣಿಗೆಯ ಹೊತ್ತಿಗೆ ಯೋಚಿಸಿದರಾಯಿತು ಎಂದುಕೊಳ್ಳುತ್ತಾರೆ. ಒಂದೇ ವಾದವನ್ನು ಅಧ್ಯಾಯದಿಂದ ಅಧ್ಯಾಯಕ್ಕೆ ಬೆಳೆಸುವ ಗ್ರಂಥವನ್ನು ಬರೆಯುವುದೋ, ಸಂಶೋಧನ ಪತ್ರಿಕೆಗಳಿಗೆ ಬರೆದ ಕೆಲವು ಲೇಖನಗಳನ್ನು ವಿಸ್ತಾರವಾದ ಪೀಠಿಕೆಯೊಂದಿಗೆ ಒಟ್ಟುಗೂಡಿಸುವುದೋ ಎಂಬ ತೀರ್ಮಾನವು ದತ್ತಾಂಶವನ್ನು ಯಾವ ಕ್ರಮದಲ್ಲಿ ಸಂಗ್ರಹಿಸಬೇಕು, ಯಾರೊಡನೆ ಸೇರಿ ಬರೆಯಬೇಕು ಎಂಬುದನ್ನೂ ನಿರ್ಧರಿಸುವುದರಿಂದ, ಅದನ್ನು ಮೊದಲ ವರ್ಷದಲ್ಲೇ ಚರ್ಚೆಗೆ ತರುವುದು ಒಳ್ಳೆಯದು.

ಸ್ವೀಡನ್, ಫಿನ್ಲೆಂಡ್, ನೆದರ್ಲೆಂಡ್ಸ್‌ಗಳ ವಿಜ್ಞಾನ ಮತ್ತು ವೈದ್ಯಕೀಯ ವಿಭಾಗಗಳಲ್ಲಿ ಲೇಖನಾಧಾರಿತ ಪ್ರಬಂಧವೇ ರೂಢಿ. ಇತಿಹಾಸ, ಸಾಹಿತ್ಯಗಳಲ್ಲಿ ಗ್ರಂಥರೂಪಕ್ಕೆ ಇಂದಿಗೂ ಮನ್ನಣೆ ಹೆಚ್ಚು. ಈ ರೂಢಿಯನ್ನು ಕಡೆಗಣಿಸಲಾಗದಿದ್ದರೂ ನಾನು ಹೆಚ್ಚು ತೂಕ ಕೊಡುವುದು ಸಂಶೋಧನೆಯ ಪ್ರಶ್ನೆಗೆ. ಒಂದು ಔಷಧದ ಪರಿಣಾಮವನ್ನು ಜೀವಕೋಶ, ಪ್ರಾಣಿ, ಮನುಷ್ಯ ಎಂಬ ಮೂರು ಹಂತಗಳಲ್ಲಿ ಪರೀಕ್ಷಿಸುವವರಿಗೆ ಪ್ರತಿ ಹಂತವೂ ತನ್ನ ಕಾಲಮೇಲೆ ನಿಲ್ಲುವ ಲೇಖನವಾಗಬಲ್ಲದು. ಪ್ರಾಚೀನ ಕೃತಿಯೊಂದರ ಪಾಠಾಂತರಗಳನ್ನು ಹೋಲಿಸುತ್ತ ಅದರ ಕಾಲವನ್ನು ನಿರ್ಣಯಿಸಹೊರಟವರ ಸ್ಥಿತಿಯೇ ಬೇರೆ: ಅಲ್ಲಿ ನಾಲ್ಕನೆಯ ಅಧ್ಯಾಯದ ವಾದವು ಎರಡನೆಯದರ ಸಾಕ್ಷ್ಯವನ್ನು ನೆಚ್ಚಿಕೊಂಡಿರುತ್ತದೆ, ತುಂಡರಿಸಿದರೆ ಎರಡೂ ಸೊರಗುತ್ತವೆ.

ಲೇಖನಗಳ ದಾರಿಯಲ್ಲಿ ಗಡುವು ನಮ್ಮ ಕೈಯಲ್ಲಿರುವುದಿಲ್ಲ. ಲೇಖನದ ಗುಣಮಟ್ಟ ನೋಡಲು ಪತ್ರಿಕೆಯವರು ಕೇಳಿಕೊಳ್ಳುವ ವಿಷಯತಜ್ಞರ, ಅಂದರೆ ಪರಿಶೀಲಕರ, ವರದಿಗೆ ಹಲವು ತಿಂಗಳು ಹಿಡಿಯಬಹುದು, ತಿರಸ್ಕೃತವಾದರೆ ಬೇರೆ ಪತ್ರಿಕೆಯಲ್ಲಿ ಮತ್ತೆ ಮೊದಲಿನಿಂದ ಕಾಯಬೇಕು. ಕೆಲವು ವಿಶ್ವವಿದ್ಯಾಲಯಗಳು ಪ್ರಕಟಣೆಗೆ ಕಳಿಸಿದ ಲೇಖನವನ್ನೂ ಒಪ್ಪುತ್ತವೆ, ಕೆಲವು ಸ್ವೀಕೃತವಾದುದನ್ನೇ ಕೇಳುತ್ತವೆ; ಆದ್ದರಿಂದ ನಿಯಮಾವಳಿಯನ್ನು ಹಿರಿಯರ ಬಾಯಿಂದ ಕೇಳದೆ ಸ್ವತಃ ಓದಬೇಕು. ಸಹಲೇಖಕರಿದ್ದರೆ ಯಾರ ಪಾಲು ಎಷ್ಟು, ಅದೇ ಲೇಖನವನ್ನು ಇನ್ನೊಬ್ಬರೂ ತಮ್ಮ ಪ್ರಬಂಧದಲ್ಲಿ ಸೇರಿಸಬಹುದೆ ಎಂಬುದು ಮೊದಲೇ ಬರಹದಲ್ಲಿರಲಿ. ಪ್ರಕಾಶಕರ ಹಕ್ಕುಸ್ವಾಮ್ಯದ ಷರತ್ತುಗಳನ್ನೂ ನೋಡಿಕೊಳ್ಳಬೇಕು.

ಹಲವರು ಹಗುರವಾಗಿ ಕಾಣುವ ಭಾಗವೆಂದರೆ ಪೀಠಿಕೆ. ಅದನ್ನು ಕೊನೆಯ ತಿಂಗಳಿಗೆ ಉಳಿಸಿಕೊಂಡವರು ಲೇಖನಗಳ ಸಾರಾಂಶವನ್ನಷ್ಟೇ ಬರೆಯುತ್ತಾರೆ; ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳುವುದಾದರೋ, ಈ ಬಿಡಿ ಲೇಖನಗಳು ಕೂಡಿ ಹೇಳುವ ಹೊಸ ಮಾತು ಯಾವುದು ಎಂದು.

ಇನ್ನೂ ತೀರ್ಮಾನಕ್ಕೆ ಬಾರದವರು ಮೊದಲ ಅಧ್ಯಯನವನ್ನು ಲೇಖನವಾಗಿ ಬರೆದು ಪತ್ರಿಕೆಗೆ ಕಳಿಸಲಿ. ಲೇಖನವನ್ನು ಮುಂದೆ ಅಧ್ಯಾಯವಾಗಿ ಹಿಗ್ಗಿಸುವುದು ಸುಲಭ. ಮುಗಿದ ಅಧ್ಯಾಯವನ್ನು ಲೇಖನವಾಗಿ ಕುಗ್ಗಿಸಿ, ಪರಿಶೀಲನೆಗೂ ಕಾಯುವಷ್ಟು ಸಮಯ ಕೊನೆಯ ವರ್ಷದಲ್ಲಿ ಸಾಮಾನ್ಯವಾಗಿ ಉಳಿದಿರುವುದಿಲ್ಲ.