ಮುಲ್ಕಿಗೆ ಬಂದ ತೆರೆ ಎಲ್ಲಿಂದ ಹೊರಟಿತ್ತು?

ಸೇಂಟ್ ಮೇರೀಸ್ ದ್ವೀಪದಲ್ಲಿ ಎರಡು ಕಡಲು ಉಂಟು. ಮಲ್ಪೆಯಿಂದ ಬೋಟ್ ಬಂದು ನಿಲ್ಲುವ ಪೂರ್ವದ ಬದಿಯಲ್ಲಿ ನೀರು ಕೆರೆಯ ಹಾಗೆ ಸುಮ್ಮನಿರುತ್ತದೆ. ಅದೇ ಬಂಡೆಗಳನ್ನು ಬಳಸಿಕೊಂಡು ಸ್ವಲ್ಪ ನಡೆದು ಪಡುವಣ ಬದಿಗೆ ಹೋಗಿ ನೋಡಿ, ತೆರೆ ಕಲ್ಲಿಗೆ ಬಡಿಯುವ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ.

ಏಪ್ರಿಲ್ ರಜೆಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಹದಿನಾಲ್ಕು ವರ್ಷ. ದ್ವೀಪದ ಷಟ್ಕೋನದ ಕಲ್ಲುಕಂಬಗಳ ಬಗ್ಗೆ ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ನಮ್ಮ ನೆಲವೂ ಮಡಗಾಸ್ಕರೂ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಅದು. ತಣ್ಣಗಾಗುತ್ತಾ ಕುಗ್ಗಿ, ಬಿಸಿಲಿಗೆ ಒಣಗಿದ ಗದ್ದೆಯ ಹಾಗೆ ಬಿರುಕು ಬಿಟ್ಟು ಕಂಬವಾಯಿತು. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದ್ದು ಬೇರೆಯೇ. "ಚಿಕ್ಕಮ್ಮ, ದ್ವೀಪ ಇಷ್ಟು ಸಣ್ಣದು. ಆ ಕಡೆಯ ತೆರೆ ಈ ಕಡೆ ಬರುವಷ್ಟರಲ್ಲಿ ಎಲ್ಲಿಗೆ ಹೋಯ್ತು?"

ಒಳ್ಳೆ ಪ್ರಶ್ನೆ. ನಾನು ಹುಟ್ಟಿ ಬೆಳೆದದ್ದು ಇಲ್ಲೇ ಉಡುಪಿಯಲ್ಲಿ, ಎಷ್ಟು ಸಲ ಈ ದ್ವೀಪಕ್ಕೆ ಬಂದಿದ್ದೇನೋ ಲೆಕ್ಕವಿಲ್ಲ, ಆದರೂ ಇದನ್ನು ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ.

ಉತ್ತರ ತಳದಲ್ಲಿದೆ. ನೀರು ಆಳ ಕಡಿಮೆಯಾದ ಕಡೆ ತೆರೆಯ ವೇಗ ತಗ್ಗುತ್ತದೆ. ದ್ವೀಪದ ಹತ್ತಿರ ಇರುವ ತುದಿಗೆ ತಳ ಬೇಗ ಸಿಗುತ್ತದೆ, ಅದು ನಿಧಾನವಾಗುತ್ತದೆ. ಹೊರಗಿನ ತುದಿ ಇನ್ನೂ ಆಳದಲ್ಲೇ ಇದೆ, ಅದು ಅದೇ ವೇಗದಲ್ಲಿ ಓಡುತ್ತದೆ. ಪೆರೇಡಿನಲ್ಲಿ ಮಕ್ಕಳ ಸಾಲು ತಿರುಗುವಾಗ ಒಳಗಿನವನು ನಿಂತಲ್ಲೇ ಹೆಜ್ಜೆ ಹಾಕಿ ಹೊರಗಿನವನು ಬೀಸು ಹೆಜ್ಜೆ ಹಾಕುತ್ತಾನಲ್ಲ, ಹಾಗೆ ಇಡೀ ತೆರೆ ದ್ವೀಪದ ಸುತ್ತ ಬಾಗುತ್ತದೆ. ಬಾಗುತ್ತಾ ಉದ್ದಕ್ಕೆ ಹರಡಿಕೊಳ್ಳುತ್ತದೆ, ಶಕ್ತಿ ತೆಳುವಾಗುತ್ತದೆ. ಜೊತೆಗೆ ಹೆಚ್ಚಿನ ಪೆಟ್ಟನ್ನು ಪಡುವಣದ ಬಂಡೆಗಳೇ ತಿಂದಿರುತ್ತವೆ. ಮಿಕ್ಕದ್ದು ಮಾತ್ರ ಪೂರ್ವಕ್ಕೆ ಬಂದು ಬೋಟಿನ ಬುಡದಲ್ಲಿ ಪಿಸುಗುಡುತ್ತದೆ. ತೆರೆಗಳು ಯಾವ ದಿಕ್ಕಿನಿಂದ ಬಂದರೂ ದಡಕ್ಕೆ ಬರುವಾಗ ಹೆಚ್ಚುಕಮ್ಮಿ ನೇರವಾಗಿ ಮುಖ ಮಾಡಿರುವುದೂ ಇದೇ ಕಾರಣಕ್ಕೆ.

ವಾಪಸ್ ಬರುವಾಗ ಬೋಟ್ ಸ್ವಲ್ಪ ಹೊತ್ತು ನಿಧಾನವಾಯಿತು. ಪಕ್ಕದಲ್ಲಿ ಒಂದು ತೆಂಗಿನಕಾಯಿ ತೇಲುತ್ತಿತ್ತು. ತೆರೆಯ ನೆತ್ತಿ ಬಂದಾಗ ಅದು ಮೇಲೆದ್ದು ಒಂಚೂರು ಮುಂದೆ ಹೋಯಿತು, ತಗ್ಗು ಬಂದಾಗ ಕೆಳಗಿಳಿದು ಅಷ್ಟೇ ಹಿಂದೆ ಬಂತು. ಎಂಟು ಹತ್ತು ತೆರೆಗಳು ದಾಟಿ ಹೋದವು, ತೆಂಗಿನಕಾಯಿ ಹೆಚ್ಚುಕಮ್ಮಿ ಅಲ್ಲೇ ಇತ್ತು. ಆಳದ ನೀರಲ್ಲಿ ತೆರೆ ಅಂದರೆ ಇದು. ನೀರು ಇದ್ದಲ್ಲೇ ಸುತ್ತು ಹಾಕುತ್ತದೆ, ಮುಂದೆ ಹೋಗುವುದು ಶಕ್ತಿ.

ಮರುದಿನ ಭಾನುವಾರ ಮುಲ್ಕಿಯಲ್ಲಿ ಸರ್ಫಿಂಗ್ ಪಾಠ. ಹುಡುಗಿಗೆ ಮಾತ್ರ ಅಂತ ಬುಕ್ ಮಾಡಿದ್ದೆ, ಕೊನೆಗೆ ನಾನೂ ಸೇರಿಕೊಂಡೆ. ಮುಲ್ಕಿ ಈ ಆಟಕ್ಕೆ ಹೊಸತಲ್ಲ, ದೇಶದ ಮೊದಮೊದಲ ಸರ್ಫ್ ಕ್ಲಬ್ ಶುರುವಾದ ಊರು ಇದು. ಪಕ್ಕದ ಸಸಿಹಿತ್ಲುವಿನಲ್ಲಿ, ಆಚೆ ಪಣಂಬೂರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಶಾಂಭವಿ, ನಂದಿನಿ ಎರಡೂ ಹೊಳೆಗಳು ಸೇರಿ ಕಡಲಿಗೆ ಬೀಳುವ ಅಳಿವೆ ಇಲ್ಲಿದೆ. ಹೊಳೆ ತಂದು ಸುರಿದ ಹೊಯಿಗೆ, ಅಂದರೆ ಮರಳು, ನೀರಿನಡಿ ದಿಣ್ಣೆ ಕಟ್ಟುತ್ತದೆ, ಆ ದಿಣ್ಣೆಯ ಮೇಲೆ ತೆರೆ ನಿಧಾನವಾಗಿ ಒಡೆಯುತ್ತದೆ. ಕಲಿಯುವವರಿಗೆ ಬೇಕಾದದ್ದು ಅಂಥ ತೆರೆಯೇ.

ಆರೂವರೆಗೇ ಬರಬೇಕು ಅಂದಿದ್ದರು. ರಜೆಯ ದಿನ ಅಷ್ಟು ಬೇಗ ಯಾಕೆ ಅಂತ ಅಕ್ಕನ ಮಗಳು ಕಾರಿನಲ್ಲಿ ಗೊಣಗಿದಳು. ದಡಕ್ಕೆ ಹೋದ ಮೇಲೆ ಕಾರಣ ಬೆನ್ನಿಗೇ ತಾಗಿತು. ತಣ್ಣನೆಯ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿತ್ತು. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಇರುತ್ತದೆ, ಹಾಗಾಗಿ ಬೆಳಗಿನ ಹೊತ್ತು ಗಾಳಿ ಆ ಕಡೆಗೆ. ಬರುವ ತೆರೆಗೆ ಅದು ಎದುರಾಗಿ ಬೀಸಿ, ಬೇಗ ಕುಸಿಯದ ಹಾಗೆ ಎತ್ತಿ ಹಿಡಿಯುತ್ತದೆ, ಮೈ ನುಣುಪಾಗಿರುತ್ತದೆ. ಬಿಸಿಲೇರಿದಂತೆ ನೆಲ ಕಾದು ಗಾಳಿ ತಿರುಗುತ್ತದೆ, ಕಡಲ ಮೈಯೆಲ್ಲ ಸುಕ್ಕು. ಹಾಯಿ ದೋಣಿಯ ಕಾಲದಲ್ಲಿ ನಮ್ಮ ಮೀನುಗಾರರು ಬೆಳಗಿನ ಗಾಳಿಗೆ ಹೊರಟು ಮಧ್ಯಾಹ್ನದ ಗಾಳಿಗೆ ವಾಪಸಾಗುತ್ತಿದ್ದದ್ದು ಇದೇ ಲೆಕ್ಕದಲ್ಲಿ.

ಕಲಿಸುವ ಹುಡುಗ ಅಲ್ಲಿಯವನೇ, ಮೀನುಗಾರರ ಮನೆಯವನು. ಮೊದಲು ನಮ್ಮನ್ನು ನೀರಿಗೆ ಇಳಿಸಲಿಲ್ಲ. ಹೊಯಿಗೆಯ ಮೇಲೆ ಕೂರಿಸಿ, "ಹತ್ತು ನಿಮಿಷ ಸುಮ್ನೆ ನೋಡಿ ಅಕ್ಕ, ಎಲ್ಲಿ ಒಡೀತದೆ, ಎಲ್ಲಿ ಒಡೆಯುವುದಿಲ್ಲ, ಎಷ್ಟು ಹೊತ್ತಿಗೆ ಒಂದು ಬರ್ತದೆ" ಅಂದ. ಇಡೀ ಪಾಠದಲ್ಲಿ ಈ ಹತ್ತು ನಿಮಿಷವೇ ಮುಖ್ಯ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹುಡುಗಿ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಎಣಿಸಿದಳು. ಒಂದು ತೆರೆಗೂ ಇನ್ನೊಂದಕ್ಕೂ ನಡುವೆ 14 ಸೆಕೆಂಡು. ಈ ಒಂದು ಸಂಖ್ಯೆ ಸಿಕ್ಕರೆ ತೆರೆಯ ಜಾತಕವನ್ನೇ ಬರೆಯಬಹುದು, ಅದು ನನಗೆ ತುಂಬಾ ಇಷ್ಟ. ಆಳದ ಕಡಲಿನಲ್ಲಿ ಸೆಕೆಂಡುಗಳನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಎರಡು ನೆತ್ತಿಗಳ ನಡುವಿನ ಅಂತರ ಮೀಟರಿನಲ್ಲಿ ಬರುತ್ತದೆ. 14 ಸೆಕೆಂಡಿಗೆ ಸುಮಾರು 300 ಮೀಟರ್. ವೇಗ ಗಂಟೆಗೆ 78 ಕಿಲೋಮೀಟರಿನಷ್ಟು. ಹತ್ತಿರದ ಗಾಳಿ ಎಬ್ಬಿಸಿದ ತೆರೆ ಇಷ್ಟು ಉದ್ದ ಇರುವುದಿಲ್ಲ, ಅದು ಐದಾರು ಸೆಕೆಂಡಿಗೊಂದು ಬರುತ್ತದೆ, ಅಡ್ಡಾದಿಡ್ಡಿ ಇರುತ್ತದೆ. 14 ಸೆಕೆಂಡಿನದ್ದು ಅಂದರೆ ದೂರದ ದೊಡ್ಡ ಬಿರುಗಾಳಿಯ ಮಗು. ಈ ಕಾಲದಲ್ಲಿ ನಮ್ಮ ಕರಾವಳಿಗೆ ಅಂಥವು ಬರುವುದು ಮುಖ್ಯವಾಗಿ ಭೂಮಧ್ಯರೇಖೆಯ ಆಚೆಯಿಂದ, ಅಂಟಾರ್ಕ್ಟಿಕಾಕ್ಕೆ ಮೊದಲು ಸಿಗುವ ದಕ್ಷಿಣದ ಮಹಾಸಾಗರದಿಂದ. ಅಲ್ಲಿ ಗಾಳಿಯನ್ನು ತಡೆಯಲು ನೆಲ ಇಲ್ಲವೇ ಇಲ್ಲ ಅನ್ನಬಹುದು. ಭೂಮಿಯ ಸುತ್ತ ಬೀಸುತ್ತಲೇ ಇರುತ್ತದೆ.

ಅಲ್ಲಿಂದ ಮುಲ್ಕಿಗೆ 6,000 ಕಿಲೋಮೀಟರಿಗೂ ಜಾಸ್ತಿ. ಇಲ್ಲೊಂದು ವಿಚಿತ್ರ ಇದೆ. ಒಂದೊಂದು ತೆರೆ 78ರ ವೇಗದಲ್ಲಿ ಓಡಿದರೂ ತೆರೆಗಳ ಗುಂಪು ಸಾಗುವುದು ಅದರ ಅರ್ಧ ವೇಗದಲ್ಲಿ. ಗುಂಪಿನ ಮುಂದೆ ಹೋದ ತೆರೆ ಅಲ್ಲೇ ಕರಗುತ್ತದೆ, ಹಿಂದೆ ಹೊಸದೊಂದು ಹುಟ್ಟುತ್ತದೆ. ಹಾಗಾಗಿ ಲೆಕ್ಕ ಹಾಕಿದರೆ ದಾರಿ ಸುಮಾರು ಒಂದು ವಾರದ್ದು. ಹಿಂದಿನ ಭಾನುವಾರ ನಾವು ಮನೆಯಲ್ಲಿ ನೀರ್ದೋಸೆ ತಿನ್ನುವ ಹೊತ್ತಿಗೆ ಎಲ್ಲೋ ಹಿಮದ ಗಾಳಿಯಲ್ಲಿ ಎದ್ದದ್ದು, ಈ ಭಾನುವಾರ ನಮ್ಮ ಕಾಲ ಬುಡಕ್ಕೆ ಬಂದು ನೊರೆಯಾಗುತ್ತಿತ್ತು.

ತೆರೆಗಳು ಇಷ್ಟು ದೂರ ಬರುತ್ತವೆ ಅಂತ ಸುಮ್ಮನೆ ಊಹಿಸಿ ಹೇಳಿದ್ದಲ್ಲ. 1963ರಲ್ಲಿ ವಾಲ್ಟರ್ ಮಂಕ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ನ್ಯೂಜಿಲೆಂಡಿನಿಂದ ಅಲಾಸ್ಕದ ತನಕ ಅಳತೆಯ ಠಾಣೆಗಳನ್ನು ಇಟ್ಟು, ದಕ್ಷಿಣದ ಬಿರುಗಾಳಿಯ ತೆರೆಗಳು ಇಡೀ ಪೆಸಿಫಿಕ್ ದಾಟುವುದನ್ನು ಹಿಂಬಾಲಿಸಿ ತೋರಿಸಿದರು. ಉದ್ದನೆಯ ತೆರೆಗಳ ವೇಗ ಜಾಸ್ತಿ, ಅವು ಮೊದಲು ಮುಟ್ಟುತ್ತವೆ. ಗಿಡ್ಡವು ಆಮೇಲೆ. ಎಷ್ಟು ಅಂತರದಲ್ಲಿ ಬಂದವು ಅಂತ ನೋಡಿದರೆ ಬಿರುಗಾಳಿ ಎಷ್ಟು ದೂರ ಇತ್ತು ಅಂತ ಹೇಳಬಹುದು. ಸಿಡಿಲಿನ ಬೆಳಕಿಗೂ ಸದ್ದಿಗೂ ನಡುವಿನ ಹೊತ್ತು ಎಣಿಸಿ ಮಳೆ ಎಷ್ಟು ದೂರ ಇದೆ ಅಂತ ಅಂದಾಜು ಮಾಡುತ್ತೇವಲ್ವಾ, ಅದೇ ಉಪಾಯ.

ಇದೇ ದಕ್ಷಿಣದ ತೆರೆಗಳು ಕೆಲವು ಸಲ, ಇಲ್ಲಿ ಗಾಳಿಯೂ ಇಲ್ಲ ಮಳೆಯೂ ಇಲ್ಲದ ದಿನ, ಏಕಾಏಕಿ ದಡಕ್ಕೆ ನುಗ್ಗುತ್ತವೆ. ಕೇರಳದವರು ಅದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು, ನಮಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 2012ರಲ್ಲಿ ಯುನೆಸ್ಕೊ ಆ ಮಲಯಾಳಂ ಪದವನ್ನೇ ವಿಜ್ಞಾನದ ಪದವಾಗಿ ಒಪ್ಪಿಕೊಂಡಿತು. ಈಗ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ, ನಮ್ಮ ಕರಾವಳಿಗೂ.

ಕೊನೆಗೂ ನೀರಿಗೆ ಇಳಿದೆವು. ಬೋರ್ಡ್ ಒಂಬತ್ತು ಅಡಿ ಉದ್ದ, ಮೇಲೆ ಮೆತ್ತನೆಯ ಫೋಮ್. ಹಿಂದಿನ ಕಾಲಿಗೆ ಲೀಶ್ ಅನ್ನುವ ಹಗ್ಗ. ಎದೆಯಷ್ಟು ನೀರಿನಲ್ಲಿ ನಿಂತರೆ ತೆರೆ ಅಲ್ಲೇ ಒಡೆಯುತ್ತಿತ್ತು. ತೆರೆಯ ಎತ್ತರ ನೀರಿನ ಆಳದ ಮುಕ್ಕಾಲು ಪಾಲು ಮುಟ್ಟಿದಾಗ ಅದಕ್ಕೆ ಇನ್ನು ನಿಲ್ಲಲಾಗುವುದಿಲ್ಲ. ಒಂದು ಮೀಟರ್ ತೆರೆ ಸುಮಾರು 1.3 ಮೀಟರ್ ಆಳದಲ್ಲಿ ಒಡೆಯುತ್ತದೆ. ಅಷ್ಟು ಆಳದಲ್ಲಿ ಅದರ ವೇಗವೂ ಗಂಟೆಗೆ ಹನ್ನೆರಡು ಹದಿಮೂರು ಕಿಲೋಮೀಟರಿಗೆ ಇಳಿದಿರುತ್ತದೆ, ಸೈಕಲ್ ತುಳಿದಷ್ಟು. ಆದರೆ ಒಂದು ಘನ ಮೀಟರ್ ಕಡಲ ನೀರಿನ ತೂಕ 1,025 ಕಿಲೋ. ಒಂದು ಆಲ್ಟೋ ಕಾರಿಗಿಂತ ಜಾಸ್ತಿ. ಸೊಂಟದೆತ್ತರದ ತೆರೆ ಬಡಿದರೆ ಗಟ್ಟಿ ಆಳೂ ಬೀಳುವುದು ಅದಕ್ಕೇ.

ಮೊದಲ ನಾಲ್ಕೈದು ತೆರೆಗಳು ನನ್ನನ್ನು ಬಿಟ್ಟೇ ಹೋದವು. ಬೋರ್ಡಿನ ಮೇಲೆ ಮಲಗಿದ್ದೆ. ತೆರೆ ಬಂತು, ಹಿಂಬದಿ ಎತ್ತಿತು, ಕೆಳಗಿನಿಂದ ಜಾರಿ ಮುಂದೆ ಹೋಯಿತು. ನಾನೂ ಆ ತೆಂಗಿನಕಾಯಿಯ ಹಾಗೆ ಇದ್ದಲ್ಲೇ. ಆಗ ಹುಡುಗ ಹೇಳಿದ, "ಬಸ್ ಹತ್ತಿದ ಹಾಗೆ ಅಕ್ಕ. ನಿಂತುಕೊಂಡು ಕೈ ಹಾಕಿದ್ರೆ ಆಗುವುದಿಲ್ಲ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡ್ಬೇಕು." ಭೌತವಿಜ್ಞಾನವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ. ಬೋರ್ಡಿನ ವೇಗ ತೆರೆಯ ವೇಗಕ್ಕೆ ಹತ್ತಿರ ಬರಬೇಕು. ಅದಕ್ಕೇ ತೆರೆ ಬರುವ ಮೊದಲೇ ಕೈಯಿಂದ ಜೋರಾಗಿ ನೀರು ತಳ್ಳುವುದು, ಹೊಸಬರಿಗೆ ಕಲಿಸುವವರು ಹಿಂದಿನಿಂದ ದೂಡುವುದು.

ಆರನೆಯದಕ್ಕೆ ದೂಡಿದ. ಬೋರ್ಡಿನ ಕೆಳಗಿದ್ದ ಕುಲುಕಾಟ ಥಟ್ಟನೆ ನಿಂತು, ಸುಯ್ ಎಂಬ ಒಂದು ಸದ್ದು ಶುರುವಾಯಿತು. ಬೋರ್ಡ್ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗಿದ ಸದ್ದು ಅದು. ಚಪ್ಪಟೆ ಕಲ್ಲನ್ನು ಕೆರೆಗೆ ಓರೆಯಾಗಿ ಎಸೆದರೆ ಮುಳುಗದೆ ಕುಪ್ಪಳಿಸುತ್ತದಲ್ಲ, ಅದನ್ನು ಮೇಲೆತ್ತುವುದು ಕೆಳಗೆ ತಳ್ಳಲ್ಪಟ್ಟ ನೀರು. ಇಲ್ಲೂ ಅದೇ. ಬೋರ್ಡ್ ಅಗಲವಾದಷ್ಟೂ ಕಡಿಮೆ ವೇಗದಲ್ಲೇ ಹೀಗೆ ಎದ್ದು ಜಾರುತ್ತದೆ, ಹೊಸಬರಿಗೆ ದೊಡ್ಡ ಬೋರ್ಡ್ ಕೊಡುವುದಕ್ಕೆ ಅದೂ ಒಂದು ಕಾರಣ.

ಎದ್ದೆ. ಕಾಲು ಸರಿಯಾಗಿ ಬಿತ್ತಾ ಅಂತ ಕೆಳಗೆ ನೋಡಿದೆ, ಬಿದ್ದೆ. ಮೂರು ಸಲ ಹಾಗೇ ಆಯಿತು. "ಕೆಳಗೆ ನೋಡ್ಬೇಡಿ, ಆ ತೆಂಗಿನ ಮರ ನೋಡಿ!" ತಲೆಯೊಂದೇ ನಾಲ್ಕೈದು ಕಿಲೋ ಇರುತ್ತದೆ, ಅದು ಮುಂದೆ ಬಾಗಿದರೆ ಮೈಯ ಭಾರವೂ ಬಾಗುತ್ತದೆ. ಜೊತೆಗೆ, ನಾವು ನೆಟ್ಟಗಿದ್ದೇವಾ ಅಂತ ಮೆದುಳು ತಿಳಿಯುವುದು ಒಳಗಿವಿಯಿಂದ, ಪಾದದಿಂದ, ಕಣ್ಣಿನಿಂದ. ಕಣ್ಣಿಗೆ ಅಲುಗಾಡದ ಗುರುತು ಒಂದು ಬೇಕು, ಕಾಲ ಕೆಳಗೆ ಓಡುವ ನೊರೆಯಲ್ಲಿ ಅದು ಸಿಗುವುದಿಲ್ಲ. ತೆಂಗಿನ ಮರ ನೋಡಿದೆ. ಮೊಣಕಾಲು ಬಗ್ಗಿಸಿ ನಿಂತೆ. ಐದು ಸೆಕೆಂಡು ಇರಬಹುದು. ನಲವತ್ತೆರಡು ವರ್ಷ ಈ ಕಡಲನ್ನು ದಡದಿಂದ ನೋಡಿದವಳಿಗೆ ಅದು ಅಂದು ಮೊದಲ ಸಲ ಎತ್ತಿಕೊಂಡ ಹಾಗೆ ಅನ್ನಿಸಿತು.

ಅಷ್ಟರಲ್ಲಿ ಅಕ್ಕನ ಮಗಳು ತೆರೆಯ ಪೆಟ್ಟಿಗೆ ಬೇಸತ್ತು ಪಕ್ಕಕ್ಕೆ ಸರಿಯುತ್ತಿದ್ದಳು. ಅಲ್ಲಿ ಒಂದು ಕಡೆ ನೀರು ನುಣುಪಾಗಿತ್ತು, ಸ್ವಲ್ಪ ಕಪ್ಪಾಗಿತ್ತು, ತೆರೆ ಒಡೆಯುತ್ತಲೇ ಇರಲಿಲ್ಲ. ಹುಡುಗ ಸಿಳ್ಳೆ ಹಾಕಿ ಅವಳನ್ನು ವಾಪಸ್ ಕರೆದ. ಬೆಳಗ್ಗೆ ಕೂರಿಸಿ ನೋಡಿಸಿದ್ದರಲ್ಲಿ ಅದೂ ಇತ್ತು. ತೆರೆಗಳು ದಡಕ್ಕೆ ತಂದು ತುಂಬಿದ ನೀರು ಎಲ್ಲಿಂದಾದರೂ ವಾಪಸ್ ಹೋಗಬೇಕಲ್ವಾ. ಹೊಯಿಗೆ ದಿಣ್ಣೆಯ ನಡುವೆ ತಗ್ಗು ಸಿಕ್ಕಿದ ಕಡೆ ಅದು ತೋಡಿನ ಹಾಗೆ ಹೊರಕ್ಕೆ ಹರಿಯುತ್ತದೆ. ರಿಪ್ ಕರೆಂಟ್ ಅನ್ನುತ್ತಾರೆ. ತಗ್ಗಾದ್ದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ, ಹಾಗಾಗಿ ಇಡೀ ದಡದಲ್ಲಿ ಅದೇ ಶಾಂತವಾದ ಜಾಗ ಅಂತ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು ಆಟವಾಡಲು ಆರಿಸುವುದೂ ಅದನ್ನೇ.

ಜೋರಿದ್ದಾಗ ಅದು ಸೆಕೆಂಡಿಗೆ ಎರಡು ಮೀಟರಿಗೂ ಮಿಕ್ಕಿ ಹರಿಯಬಲ್ಲದು. ಒಲಿಂಪಿಕ್ಸಿನ ಈಜುಗಾರರ ವೇಗವೇ ಅಷ್ಟು. ಅದಕ್ಕೆ ಎದುರಾಗಿ ದಡದ ಕಡೆ ಈಜುವವರು ಸುಸ್ತಾಗಿ ಮುಳುಗುತ್ತಾರೆ. ಅದು ಯಾರನ್ನೂ ಅಡಿಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ, ಮತ್ತು ಸಾಮಾನ್ಯವಾಗಿ ತೆರೆ ಒಡೆಯುವ ಸಾಲು ದಾಟಿದ ಮೇಲೆ ಅದರ ಬಲ ಇಳಿಯುತ್ತದೆ. ತೇಲಿಕೊಂಡು, ಕೈ ಎತ್ತಿ ಕರೆದು, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ, ನೊರೆ ಇರುವ ಕಡೆಯಿಂದ ವಾಪಸ್ ಬರಬೇಕು. ಪಳಗಿದ ಸರ್ಫರ್‌ಗಳು ಹೊರಗೆ ಹೋಗಲು ಇದನ್ನೇ ದಾರಿ ಮಾಡಿಕೊಳ್ಳುತ್ತಾರೆ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಕಡಲಿಗೆ ಹೋಗಿದ್ದೆವು. ನನ್ನ ಗೆಳತಿಯನ್ನು ಹೀಗೇ ನೀರು ಎಳೆದುಕೊಂಡು ಹೋಯಿತು. ಕೈರಂಪಣಿ ಬಲೆ ಎಳೆಯುತ್ತಿದ್ದವರು ಓಡಿ ಬಂದು ಕರೆತಂದರು, ಇಲ್ಲದಿದ್ದರೆ ಇರುತ್ತಿರಲಿಲ್ಲ. ಕಡಲಿನಿಂದ ಎರಡು ಮೈಲಿ ದೂರದ ಶಾಲೆ ಅದು. ನಮಗೆ ಕಲಿಸಿದ್ದು "ನೀರಿಗೆ ಹೋಗಬಾರದು" ಅಂತ ಮಾತ್ರ. ನೀರಿನಲ್ಲಿ ಏನು ನೋಡಬೇಕು ಅಂತ ಒಬ್ಬರೂ ಹೇಳಿರಲಿಲ್ಲ. ಅದರ ಬೇಸರ ನನಗೆ ಇನ್ನೂ ಹೋಗಿಲ್ಲ.

ಅಂದು ಸಂಜೆ ಮನೆಯ ಹತ್ತಿರದ ಕಡಲ ತೀರಕ್ಕೆ ಹೋದೆವು. ಕೈಯಲ್ಲಿ ಚುರುಮುರಿ ಹಿಡಿದುಕೊಂಡು ನಡೆಯುತ್ತಿದ್ದ ಹುಡುಗಿ ನಿಂತಳು. ನೊರೆಯ ಸಾಲಿನ ನಡುವೆ ಒಂದು ಕಡೆ ಹತ್ತು ಹೆಜ್ಜೆಯಷ್ಟು ಅಗಲದ ಕಪ್ಪು ನೀರು. ಅದರ ಮುಂದೆಯೇ ಎಲ್ಲಿಂದಲೋ ಬಂದ ಒಂದು ಸಂಸಾರ, ಇಬ್ಬರು ಸಣ್ಣ ಮಕ್ಕಳು, ಮೊಣಕಾಲಿನ ತನಕ ನೀರು. ಅವಳು ಚುರುಮುರಿ ನನ್ನ ಕೈಗೆ ಕೊಟ್ಟು ಓಡಿದಳು. ಏನು ಹೇಳಿದಳೋ ಗಾಳಿಗೆ ಕೇಳಿಸಲಿಲ್ಲ. ಕೈಯಲ್ಲಿ ತೋರಿಸುತ್ತಿದ್ದಳು, ಅಲ್ಲಿ ಒಡೆಯುತ್ತಿದೆ, ಇಲ್ಲಿ ಒಡೆಯುತ್ತಿಲ್ಲ, ನೋಡಿ. ಮಕ್ಕಳ ತಂದೆ ಸ್ವಲ್ಪ ಹೊತ್ತು ನೀರನ್ನೇ ನೋಡಿದರು. ಆಮೇಲೆ ಇಬ್ಬರನ್ನೂ ಎತ್ತಿಕೊಂಡು ನೊರೆಯ ಕಡೆಗೆ ನಡೆದರು.