ಹೆಸರನ್ನು ಕಡೆಗೆ ಓದಿ: ಹಳೆಯ ಗಾಳದ ರೀಲುಗಳನ್ನು ಗುರುತಿಸುವ ಬಗೆ

ಕೆಲವು ಕಾಲದ ಹಿಂದೆ ಒಬ್ಬರು ಬಟ್ಟೆಯಲ್ಲಿ ಸುತ್ತಿದ್ದ, ಗಾಳದ ದಾರ ಸುತ್ತಿಡುವ ರೀಲೊಂದನ್ನು ನನ್ನ ಮೇಜಿನ ಮೇಲಿಟ್ಟರು. ಕಪ್ಪು ಬಣ್ಣದ ಎರಡು ತಟ್ಟೆಗಳು, ಅವುಗಳ ಅಂಚಿಗೆ ಬೆಳ್ಳಿಯಂತೆ ಕಾಣುವ ಬಳೆ, ಒಂದು ಬದಿಗೆ ತಿರುಗಿಸುವ ಹಿಡಿ. ತಟ್ಟೆಯ ಮೇಲೆ ನ್ಯೂಯಾರ್ಕಿನ ಒಂದು ವ್ಯಾಪಾರ ಸಂಸ್ಥೆಯ ಹೆಸರಿತ್ತು, ಅದರ ಜೊತೆಗೆ ‘ನವೆಂಬರ್ 17, 85’ ಮತ್ತು ‘ಅಕ್ಟೋಬರ್ 8, 89’ ಎಂಬ ಎರಡು ಪೇಟೆಂಟ್ ದಿನಾಂಕಗಳಿದ್ದವು. ಆ ಸಂಸ್ಥೆ 1885ರಲ್ಲಿ ತಯಾರಿಸಿದ ರೀಲು ಇದು ಎಂದು ತಂದವರು ನಂಬಿದ್ದರು. ನಾನು ಹೆಸರಿದ್ದ ಮುಖವನ್ನು ಕೆಳಗೆ ಮಾಡಿಟ್ಟು, ರೀಲನ್ನು ಅದರ ಪಾದದಿಂದ ನೋಡತೊಡಗಿದೆ. ಹಳೆಯ ರೀಲುಗಳನ್ನು ಬಿಚ್ಚಿ, ಶುಚಿಗೊಳಿಸಿ, ಗುರುತಿಸಿಕೊಡುವ ಈ ಕೆಲಸದಲ್ಲಿ ನಾನು ರೂಢಿಸಿಕೊಂಡಿರುವ ಕ್ರಮವೇ ಅದು. ಮೊದಲು ವಸ್ತುವನ್ನು ನೋಡಬೇಕು, ಆಮೇಲೆ ಕೆಲಸಗಾರಿಕೆಯನ್ನು ನೋಡಬೇಕು, ಹೆಸರನ್ನು ಕಡೆಗೆ ಓದಬೇಕು.

ಹೆಸರು ಸುಳ್ಳು ಹೇಳುತ್ತದೆ ಎಂದು ಇದರ ಅರ್ಥವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಾಳದ ಸಾಮಗ್ರಿ ಮಾರುತ್ತಿದ್ದ ಅಂಗಡಿಗಳು ಬೇರೆಯವರಿಂದ ಮಾಡಿಸಿದ ರೀಲುಗಳ ಮೇಲೆ ತಮ್ಮ ಹೆಸರನ್ನು ಅಚ್ಚೊತ್ತಿಸಿಕೊಳ್ಳುತ್ತಿದ್ದವು. ಮೇಲೆ ಹೇಳಿದ ಎರಡು ದಿನಾಂಕಗಳು ಬ್ರೂಕ್ಲಿನ್ನಿನ ಜೂಲಿಯಸ್ ವೊಮ್ ಹೋಫ್ ಅವರ ಪೇಟೆಂಟುಗಳವು. ಅವರ ಕಾರ್ಖಾನೆಯ ರೀಲುಗಳು ಹಲವು ಅಂಗಡಿಗಳ ಹೆಸರು ಹೊತ್ತು ಹೊರಬಂದಿವೆ. ಇನ್ನು ದಿನಾಂಕದ ವಿಷಯ. ಪೇಟೆಂಟ್ ದಿನಾಂಕವು ಹಕ್ಕು ದೊರೆತ ದಿನವನ್ನು ಹೇಳುತ್ತದೆಯೇ ಹೊರತು ರೀಲು ತಯಾರಾದ ದಿನವನ್ನಲ್ಲ. ಆಗ ಅಮೆರಿಕದಲ್ಲಿ ಪೇಟೆಂಟಿನ ಅವಧಿ 17 ವರ್ಷವಿತ್ತು, ಆ ಅವಧಿಯುದ್ದಕ್ಕೂ ಅದೇ ಅಚ್ಚು ಬಳಕೆಯಲ್ಲಿರುವುದು ಸಹಜ. ಹೀಗಾಗಿ ಒಂದಕ್ಕಿಂತ ಹೆಚ್ಚು ದಿನಾಂಕಗಳಿದ್ದರೆ ಕೊನೆಯದನ್ನೇ ಹಿಡಿಯಬೇಕು. ಅದನ್ನೂ ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಒಂದೇ ಅರ್ಥದಲ್ಲಿ ಹಿಡಿಯಬೇಕು.

ತಯಾರಾದ ದೇಶದ ಹೆಸರೂ ಇಂಥದೇ ಗಡಿಯೊಂದನ್ನು ಹಾಕಿಕೊಡುತ್ತದೆ. 1890ರ ಅಮೆರಿಕದ ಸುಂಕದ ಕಾಯ್ದೆಯು ಆಮದಾಗುವ ಸರಕಿನ ಮೇಲೆ ಮೂಲ ದೇಶದ ಹೆಸರು ಇರಬೇಕೆಂದು ವಿಧಿಸಿದ ನಂತರ ಹೊರದೇಶದ ರೀಲುಗಳ ಮೇಲೆ ಆ ಗುರುತು ಕಾಣಿಸಿಕೊಳ್ಳತೊಡಗಿತು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಅದು ಎರಡನೆಯ ಮಹಾಯುದ್ಧ ಮುಗಿದ ಮೇಲಿನದು, 1952ರಲ್ಲಿ ಜಪಾನಿನ ಮೇಲಿನ ಮಿತ್ರರಾಷ್ಟ್ರಗಳ ಆಡಳಿತ ಕೊನೆಗೊಳ್ಳುವ ಮೊದಲಿನದು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು. ಇವು ದೊಡ್ಡ ಅಳತೆಯ ಗಡಿಗಳಾದರೂ ತಪ್ಪು ಊಹೆಗಳನ್ನು ಒಂದೇ ಏಟಿಗೆ ದೂರ ಮಾಡುತ್ತವೆ.

ಈಗ ಪಾದಕ್ಕೆ ಬರೋಣ. ರೀಲನ್ನು ಗಾಳದ ಕೋಲಿಗೆ ಕೂರಿಸುವ ಉದ್ದನೆಯ ಪಟ್ಟಿಯೇ ಪಾದ. ಹೊಸ ಸಂಗ್ರಾಹಕರು ನೋಡದೆ ಬಿಡುವ ಭಾಗ ಇದು, ನಾನು ಹೆಚ್ಚು ಹೊತ್ತು ನೋಡುವ ಭಾಗವೂ ಇದೇ. ಕೋಲಿನ ಬಳೆಗೆ ಪಾದ ಸರಿಯಾಗಿ ಕೂರದಿದ್ದಾಗ ಹಿಂದಿನ ಒಡೆಯರು ಅರ ಹಿಡಿದು ಅದರ ತುದಿಯನ್ನು ಸವೆಸಿರುತ್ತಾರೆ. ಓರೆ ಬೆಳಕಿನಲ್ಲಿ ಹಿಡಿದರೆ ಅರದ ಗೀರುಗಳು ಸಾಲಾಗಿ ಕಾಣುತ್ತವೆ, ಎರಡು ತುದಿಗಳ ಉದ್ದವನ್ನು ಕ್ಯಾಲಿಪರಿನಲ್ಲಿ ಅಳೆದರೆ ವ್ಯತ್ಯಾಸ ಸಿಗುತ್ತದೆ. ಇದರಿಂದ ರೀಲಿನ ಬೆಲೆ ಕುಗ್ಗುತ್ತದೆ, ಆದರೆ ರೀಲು ಕೆಡುವುದಿಲ್ಲ. ಅದನ್ನು ಮುಚ್ಚಲು ಹೊಸ ಲೋಹ ಬೆಸೆದು ತೀಡಿದ ಪಾದ ಮಾತ್ರ ನನ್ನ ದೃಷ್ಟಿಯಲ್ಲಿ ದೊಡ್ಡ ಹಾನಿ, ಏಕೆಂದರೆ ಅಲ್ಲಿ ಒಂದು ಸಾಕ್ಷ್ಯವೇ ಅಳಿದುಹೋಗಿರುತ್ತದೆ. ಪಾದದ ಆಕಾರದಿಂದ ಕಾಲವನ್ನೂ ಅಂದಾಜು ಮಾಡಬಹುದು. ಇಂಗ್ಲೆಂಡಿನ ಆನಿಕ್ ಪಟ್ಟಣದ ಹಾರ್ಡಿ ಸೋದರರ ‘ಪರ್ಫೆಕ್ಟ್’ ರೀಲುಗಳಲ್ಲಿ ಮೊದಮೊದಲು ನುಣುಪಾದ ಹಿತ್ತಾಳೆಯ ಪಾದ, ಆಮೇಲೆ ಗೆರೆಗಳಿರುವ ಹಿತ್ತಾಳೆಯ ಪಾದ, ಅದಕ್ಕೂ ಈಚೆಗೆ ಗೆರೆಗಳಿರುವ ಅಲ್ಯೂಮಿನಿಯಂ ಮಿಶ್ರಲೋಹದ ಪಾದ ಬಂದವು. 1890ರ ದಶಕದಿಂದ ಬಹು ದೀರ್ಘ ಕಾಲ ಒಂದೇ ಹೆಸರಿನಲ್ಲಿ ನಡೆದುಬಂದ ಆ ರೀಲಿಗೆ ಹೆಸರೊಂದರಿಂದ ಕಾಲವನ್ನು ಹೇಳಲು ಸಾಧ್ಯವೇ ಇಲ್ಲ. ಪಾದ, ಒಳಗಿನ ಟಿಕ್‌ಟಿಕ್ ಎನ್ನುವ ತಡೆಯ ರಚನೆ, ಮುಖದ ಲೋಹ, ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಅದು ಹಿತ್ತಾಳೆಯ ಆರಂಭ ಕಾಲದ್ದೋ ಅಥವಾ ಈಚಿನದೋ ಎಂದು ತಿಳಿಯುತ್ತದೆ.

ಲೋಹ ಮತ್ತಿತರ ವಸ್ತುಗಳ ಪರಿಚಯ ಮಾಡಿಕೊಳ್ಳದೆ ಈ ಹವ್ಯಾಸ ಮುಂದೆ ಸಾಗದು. ‘ಜರ್ಮನ್ ಸಿಲ್ವರ್’ ಎಂಬ ಹೆಸರಿನಲ್ಲಿ ಬೆಳ್ಳಿಯಿದ್ದರೂ ಆ ಲೋಹದಲ್ಲಿ ಬೆಳ್ಳಿಯಿಲ್ಲ. ಅದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ. ನಿಕಲ್ ಲೇಪಿಸಿದ ಹಿತ್ತಾಳೆ ದೂರದಿಂದ ಹಾಗೆಯೇ ಕಂಡರೂ ಹಿಡಿಯ ಬುಡ, ಪಾದದ ಅಂಚು ಮೊದಲಾದ ಸವೆದ ಜಾಗಗಳಲ್ಲಿ ಹಳದಿ ಇಣುಕುತ್ತದೆ. ಜರ್ಮನ್ ಸಿಲ್ವರ್ ಎಷ್ಟು ಸವೆದರೂ ಒಳಗೆ ಅದೇ ಬಣ್ಣ. ಅಲ್ಯೂಮಿನಿಯಂ ಅಗ್ಗವಾಗಿ ದೊರೆಯತೊಡಗಿದ್ದು 1886ರಲ್ಲಿ ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ವಿಧಾನ ಕೈಗೂಡಿದ ಮೇಲೆ. ಆದ್ದರಿಂದ ಅಲ್ಯೂಮಿನಿಯಂ ಮೈಯ ರೀಲನ್ನು 1860ರದೆಂದು ಯಾರಾದರೂ ತೋರಿಸಿದರೆ ಅಲ್ಲಿಗೇ ಮಾತು ಮುಗಿಯುತ್ತದೆ.

ಕಪ್ಪು ತಟ್ಟೆಗಳ ವಿಷಯದಲ್ಲಿ ಮೂಗು ಕಣ್ಣಿಗಿಂತ ಹೆಚ್ಚು ನೆರವಾಗುತ್ತದೆ. ರಬ್ಬರಿಗೆ ಗಂಧಕ ಬೆರೆಸಿ ಗಟ್ಟಿಗೊಳಿಸಿದ ಎಬೊನೈಟನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಹೊತ್ತು ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತದೆ. ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಗಲ್ಲ, ಅದರ ವಾಸನೆ ಔಷಧದಂತೆ ಕಟುವಾದದ್ದು. ಬೇಕಲೈಟ್ ಬಂದದ್ದೇ 1907ರಲ್ಲಿ ಎಂಬುದರಿಂದ ಈ ವ್ಯತ್ಯಾಸ ಕಾಲನಿರ್ಣಯಕ್ಕೂ ಒದಗುತ್ತದೆ. ಎಬೊನೈಟ್ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಬಿಸಿನೀರು ತಾಗಿದರೆ ನಿಮಿಷಗಳಲ್ಲೇ ಮಂಕಾಗುತ್ತದೆ. ಬೇಕಲೈಟನ್ನು ಪರೀಕ್ಷಿಸಲು ಬಿಸಿನೀರಿನಲ್ಲಿ ಅದ್ದುವ ವಾಡಿಕೆಯನ್ನು ಕಂಡು ಎಬೊನೈಟ್ ರೀಲನ್ನೂ ಹಾಗೆಯೇ ಮಾಡಿ ಕೆಡಿಸಿಕೊಂಡವರು ನನ್ನ ಬಳಿ ಬಂದಿದ್ದಾರೆ. ಆ ಕಪ್ಪನ್ನು ಮರಳಿ ತರುವ ಸರಿಯಾದ ದಾರಿ ನನ್ನಲ್ಲಿಲ್ಲ.

ಊರೂರಿನ ಕೆಲಸಗಾರಿಕೆಗೂ ತನ್ನದೇ ಚಹರೆ ಇರುತ್ತದೆ. ಇಂಗ್ಲೆಂಡಿನ ನಾಟಿಂಗ್ಯಾಮಿನ ರೀಲುಗಳು ಮರದವು. ನೀರಿಗೆ ಮರ ಬಾಗದಂತೆ ಹಿಂಬದಿಗೆ ನಕ್ಷತ್ರದಾಕಾರದ ಹಿತ್ತಾಳೆಯ ಪಟ್ಟಿ ಹೊಡೆದಿರುವುದರಿಂದ ಅವನ್ನು ‘ಸ್ಟಾರ್ ಬ್ಯಾಕ್’ ಎನ್ನುತ್ತಾರೆ. ಅಲ್ಲಿ ದಾರ ಸುತ್ತುವ ಸುರುಳಿ ನೇರವಾಗಿ ಒಂದು ಅಚ್ಚಿನ ಮೇಲೆ ತಿರುಗುತ್ತದೆ, ಹಲ್ಲಿನ ಚಕ್ರಗಳಿಲ್ಲ. ಅಮೆರಿಕದ ಕೆಂಟಕಿಯಲ್ಲಿ ಬೆಳೆದದ್ದು ಇದಕ್ಕೆ ಪೂರ್ತಿ ಬೇರೆಯಾದ ಪರಂಪರೆ. ಪ್ಯಾರಿಸ್ ಎಂಬ ಅಲ್ಲಿನ ಊರಿನಲ್ಲಿ ಗಡಿಯಾರ ಮತ್ತು ಬೆಳ್ಳಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ನೈಡರ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋರಿದ ಹಾದಿಯಲ್ಲಿ ಅದೇ ಕೆಂಟಕಿಯ ಫ್ರಾಂಕ್‌ಫರ್ಟ್ ಪಟ್ಟಣದ ಮೀಕ್ ಸೋದರರೂ ಬೆಂಜಮಿನ್ ಮಿಲಮ್ ಅವರೂ ನಡೆದರು. ಗಡಿಯಾರ ಮಾಡುವವರ ಕೈಗಳಿಂದ ಹುಟ್ಟಿದ ರೀಲುಗಳಾದ್ದರಿಂದ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸುರುಳಿ ಹಲವು ಸುತ್ತು ತಿರುಗುವ ಹಲ್ಲಿನ ಚಕ್ರಗಳು ಅವುಗಳಲ್ಲಿ ಎಷ್ಟು ನಯವಾಗಿ ಕೂಡಿಕೊಂಡಿವೆಯೆಂದರೆ, ಶುಚಿ ಮಾಡಿದ ಮೇಲೆ ಹಿಡಿಯನ್ನು ಬೆರಳ ತುದಿಯಿಂದ ತಳ್ಳಿದರೆ ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ.

ಈ ಬಗೆಯ ರೀಲಿನಲ್ಲಿ ನಾನು ಭೂತಗನ್ನಡಿ ಹಿಡಿದು ನೋಡುವುದು ತಿರುಪುಗಳನ್ನು. ಕೈಯಲ್ಲಿ ಕಡೆದ ತಿರುಪು ತನಗಾಗಿ ಕೊರೆದ ತೂತಿಗೆ ಮಾತ್ರ ಸರಿಯಾಗಿ ಕೂರುತ್ತಿದ್ದುದರಿಂದ ಒಳ್ಳೆಯ ಕೆಂಟಕಿ ಕೆಲಸಗಾರರು ತಿರುಪಿಗೂ ಅದರ ತೂತಿನ ಬಳಿಗೂ ಒಂದೇ ಪುಟ್ಟ ಸಂಖ್ಯೆಯನ್ನು ಒತ್ತುತ್ತಿದ್ದರು. ಎರಡು ಎಂದಿರುವ ತೂತಿನಲ್ಲಿ ಐದು ಎಂದಿರುವ ತಿರುಪು ಕೂತಿದ್ದರೆ ನಡುವೆ ಯಾರೋ ಅವಸರದಲ್ಲಿ ಬಿಚ್ಚಿ ಜೋಡಿಸಿದ್ದಾರೆ. ಸಂಖ್ಯೆಯೇ ಇಲ್ಲದ ತಿರುಪೊಂದು ಉಳಿದವುಗಳ ನಡುವೆ ಇದ್ದರೆ ಅದು ಬದಲಿ. ಮುಟ್ಟದೆ ಉಳಿದ ತಿರುಪಿನ ಸೀಳು ಚೂಪಾದ ಅಂಚಿನದಾಗಿರುತ್ತದೆ. ಅಳತೆಗೆ ಹೊಂದದ ತಿರುಪುಳಿ ಹಾಕಿ ತಿರುಗಿಸಿದ್ದರೆ ಆ ಅಂಚು ಜಜ್ಜಿ ಮೇಲೆದ್ದಿರುತ್ತದೆ. ಸೀಳಿನ ಅಗಲಕ್ಕೂ ದಪ್ಪಕ್ಕೂ ತಕ್ಕಂತೆ ಅರೆದು ಸರಿಮಾಡಿಕೊಂಡ ತಿರುಪುಳಿಗಳಿಲ್ಲದೆ ಯಾರೂ ಹಳೆಯ ರೀಲನ್ನು ಬಿಚ್ಚಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಹೆಸರಿಗೆ ಕಣ್ಣು ಹಾಕುವ ಸರದಿ ಆಮೇಲೆ. ಹೆಸರಿಲ್ಲದ ಕೆಂಟಕಿ ಮಾದರಿಯ ರೀಲಿನ ಮೇಲೆ ಪ್ರಸಿದ್ಧ ಕೆಲಸಗಾರರ ಹೆಸರನ್ನು ಹೊಸದಾಗಿ ಕೆತ್ತಿ ಬೆಲೆ ಏರಿಸುವ ಮೋಸ ಇದೆ. ಇದನ್ನು ಹಿಡಿಯಲು ನಾನು ಗೀರುಗಳನ್ನು ಆಶ್ರಯಿಸುತ್ತೇನೆ. ನೂರು ವರ್ಷ ಬಳಕೆಯಾದ ಲೋಹದ ಮೇಲೆ ಸಣ್ಣ ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಅಕ್ಷರ ಮೊದಲಿನಿಂದ ಇದ್ದರೆ ಗೀರು ಅಕ್ಷರದ ಅಂಚನ್ನು ದಾಟುವಾಗ ಅಂಚೇ ತುಸು ಮೊಂಡಾಗಿರುತ್ತದೆ. ಅಕ್ಷರ ಆಮೇಲೆ ಬಂದದ್ದಾದರೆ ಹಳೆಯ ಗೀರು ಅಕ್ಷರದ ಬಳಿ ಕತ್ತರಿಸಿದಂತೆ ನಿಂತು, ಆಚೆ ಬದಿಯಲ್ಲಿ ಮತ್ತೆ ಮುಂದುವರಿಯುತ್ತದೆ. ಕೆತ್ತನೆಯ ತಳ ಹೊಳೆಯುತ್ತಿದ್ದು ಸುತ್ತಲಿನ ಲೋಹ ಕಂದಿದ್ದರೂ ಅನುಮಾನಿಸಬೇಕು.

ಇಪ್ಪತ್ತನೆಯ ಶತಮಾನದ ಕಾರ್ಖಾನೆ ರೀಲುಗಳಲ್ಲಿ ಗುರುತಿಸುವಿಕೆ ಸುಲಭ, ಹಲವೆಡೆ ಕಾರ್ಖಾನೆಯೇ ಕೀಲಿಕೈ ಕೊಟ್ಟಿರುತ್ತದೆ. ಮಿಷಿಗನ್ನಿನ ಕಲಮಜೂ ಪಟ್ಟಣದ ಶೇಕ್ಸ್‌ಪಿಯರ್ ಸಂಸ್ಥೆಯು ಮಾದರಿಯ ಇಸವಿಯನ್ನು ಎರಡು ಅಕ್ಷರಗಳಲ್ಲಿ ಬರೆಯುತ್ತಿತ್ತು. ಇಂಗ್ಲಿಷ್ ವರ್ಣಮಾಲೆಯನ್ನು ಹಿಮ್ಮುಖವಾಗಿ ಹಿಡಿದು, ‘ಐ’ ಬಿಟ್ಟು, ‘ಕೆ’ಗೆ 1, ‘ಜೆ’ಗೆ 2, ‘ಎಚ್’ಗೆ 3 ಎಂದು ಎಣಿಸುತ್ತ ಹೋದರೆ ‘ಜಿಇ’ ಎಂಬುದು 46 ಆಗುತ್ತದೆ, ಅಂದರೆ 1946ರ ಮಾದರಿ. ಆದರೆ ಇದು ಮಾದರಿಯ ವರ್ಷ. ಅದೇ ಮಾದರಿ ಮುಂದೆಯೂ ಕೆಲವು ವರ್ಷ ತಯಾರಾಗಿರಬಹುದು. ಸ್ವೀಡನ್ನಿನ ಸ್ವಾಂಗ್‌ಸ್ಟಾದಲ್ಲಿ 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಆರಂಭವಾದ ಆಬು ಸಂಸ್ಥೆಯ ಆಂಬಾಸಡರ್ ರೀಲುಗಳಲ್ಲಿ 1970ರ ದಶಕದ ಮಧ್ಯಭಾಗದಿಂದ ಪಾದದ ಕೆಳಗಿರುವ ಸಂಖ್ಯೆಯ ಮೊದಲೆರಡು ಅಂಕಿಗಳು ಇಸವಿಯನ್ನೂ ಮುಂದಿನ ಎರಡು ಅಂಕಿಗಳು ತಿಂಗಳನ್ನೂ ಸೂಚಿಸುತ್ತವೆ. ಫ್ರಾನ್ಸಿನ ಕ್ಲೂಜ್‌ನಲ್ಲಿ 1948ರಿಂದ ತಯಾರಾದ ಮಿಚೆಲ್ ರೀಲಿನ ಮೇಲೆ ಮೊದಲಿಗೆ ‘300’ ಎಂಬ ಮಾದರಿಯ ಅಂಕಿ ಇರಲಿಲ್ಲ, ದಾರ ಹಿಡಿಯುವ ತಂತಿಯ ಕಮಾನು ಅರ್ಧವಷ್ಟೇ ಇತ್ತು. ಪೂರ್ತಿ ಕಮಾನು ಬಂದದ್ದು ಆಮೇಲೆ. ಸುರುಳಿ ತಿರುಗದೆ ದಾರ ಅದರ ತುದಿಯಿಂದ ಜಾರುವ ಈ ಬಗೆಯ ರೀಲಿನ ಮೂಲವನ್ನು ಹುಡುಕಿದರೆ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಅವರ 1905ರ ಪೇಟೆಂಟಿಗೆ ಹೋಗಿ ನಿಲ್ಲುತ್ತೇವೆ. ಉಣ್ಣೆಯ ಗಿರಣಿಯಲ್ಲಿ ನೂಲು ಕದಿರಿನ ತುದಿಯಿಂದ ಬಿಚ್ಚಿಕೊಳ್ಳುವ ರೀತಿಯನ್ನೇ ಅವರು ಗಾಳಕ್ಕೆ ತಂದರು. ಇಲ್ಲಿಂಗ್‌ವರ್ತ್ ರೀಲನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಮೀನಿಗಿಂತ ಮೊದಲು ಗಿರಣಿಯೇ ನೆನಪಾಗುತ್ತದೆ.

ಶುಚಿ ಮಾಡುವ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿಯ ಆರಂಭದಲ್ಲಿ ಹಾರ್ಡಿಯ ಅಲ್ಯೂಮಿನಿಯಂ ರೀಲೊಂದರ ಮೇಲಿದ್ದ ಕಪ್ಪು ಮಿಶ್ರಿತ ಬೂದು ಬಣ್ಣವನ್ನು ಕೊಳೆಯೆಂದು ತಿಳಿದು, ಹೊಳಪಿನ ಹಿಟ್ಟು ಹಾಕಿ ಪೂರ್ತಿ ಉಜ್ಜಿ ತೆಗೆದೆ. ಅದು ಕೊಳೆಯಾಗಿರಲಿಲ್ಲ, ಕಾರ್ಖಾನೆಯಲ್ಲೇ ಕೊಟ್ಟ ಸೀಸದ ಛಾಯೆಯ ಲೇಪವಾಗಿತ್ತು. ಕನ್ನಡಿಯಂತೆ ಹೊಳೆಯುತ್ತಿದ್ದ ರೀಲನ್ನು ಅದರ ಒಡೆಯರ ಕೈಗೆ ಕೊಟ್ಟಾಗ ಅವರು ಏನೂ ಹೇಳಲಿಲ್ಲ, ಆ ಮೌನ ಇಂದಿಗೂ ನನಗೆ ನೆನಪಿದೆ. ಅಂದಿನಿಂದ ಹೊರಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವುದಕ್ಕಿಂತ ಹೆಚ್ಚಿಗೆ ನಾನು ಏನನ್ನೂ ಮಾಡುವುದಿಲ್ಲ. ಒಳಗೆ ಮೆರುಗೆಣ್ಣೆಯಂತೆ ಗಟ್ಟಿಯಾಗಿರುವ ಹಳೆಯ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ಕರಗಿಸಿ, ಹಲ್ಲುಗಳನ್ನು ಮೃದುವಾದ ಬ್ರಷ್ಷಿನಿಂದ ಉಜ್ಜಿ, ತೆಳುವಾದ ಯಂತ್ರದ ಎಣ್ಣೆಯನ್ನು ಹನಿಯ ಲೆಕ್ಕದಲ್ಲಿ ಬಿಟ್ಟರೆ ಸಾಕು. ಅಮೋನಿಯಾ ಇರುವ ಪಾಲಿಷ್ ಹಿತ್ತಾಳೆಯಲ್ಲಿ ಬಿರುಕು ತರಬಲ್ಲದು. ಅಲ್ಯೂಮಿನಿಯಂ ಮೈಯಲ್ಲಿ ಕಚ್ಚಿಕೊಂಡ ಉಕ್ಕಿನ ತಿರುಪನ್ನು ಬಲ ಹಾಕಿ ತಿರುಗಿಸದೆ, ಸಂದಿಗೆ ಇಳಿಯುವ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು. ಸಂಗ್ರಹಿಸಿಡುವಾಗ ಚರ್ಮದ ಚೀಲ ಎಷ್ಟೇ ಅಂದವಾಗಿದ್ದರೂ ರೀಲನ್ನು ಅದರೊಳಗೆ ಬಿಡಬಾರದು. ಚರ್ಮದಲ್ಲಿರುವ ಕೊಬ್ಬಿನ ಆಮ್ಲಗಳು ಹಿತ್ತಾಳೆಯೊಡನೆ ಸೇರಿ ಹಸಿರು ಮೇಣದಂಥ ಕಿಲುಬು ಕಟ್ಟುತ್ತದೆ. ಚೀಲವನ್ನೂ ರೀಲನ್ನೂ ಅಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಇಡುವುದು ಒಳ್ಳೆಯದು.

ಆರಂಭದಲ್ಲಿ ಹೇಳಿದ ರೀಲಿಗೆ ಮರಳುತ್ತೇನೆ. ಅಂಚಿನ ಬಳೆ ಎಲ್ಲಿಯೂ ಹಳದಿ ತೋರಲಿಲ್ಲ, ಅದು ಜರ್ಮನ್ ಸಿಲ್ವರ್. ತಟ್ಟೆಗಳು ಗಂಧಕದ ವಾಸನೆ ಬಿಟ್ಟವು, ಅವು ಎಬೊನೈಟ್. ಒಂದು ತಟ್ಟೆ ಇನ್ನೊಂದಕ್ಕಿಂತ ಹೆಚ್ಚು ಕಂದಿದ್ದರಿಂದ ಅದು ಬಹಳ ಕಾಲ ಆ ಬದಿಗೆ ಬೆಳಕು ಬೀಳುವಂತೆ ಯಾವುದೋ ಕಪಾಟಿನಲ್ಲಿ ನಿಂತಿರಬೇಕು. ಪಾದದ ಒಂದು ತುದಿಯನ್ನು ಅರದಿಂದ ಸವೆಸಲಾಗಿತ್ತು, ಹಿಡಿಯ ಗುಂಡಿ ಬದಲಿಯಾಗಿತ್ತು, ಒಂದು ತಿರುಪಿನ ತಲೆ ಉಳಿದವಕ್ಕಿಂತ ಚಪ್ಪಟೆಯಾಗಿತ್ತು. ಕೊನೆಗೆ ಹೆಸರಿನ ಮುಖವನ್ನು ಮೇಲಕ್ಕೆ ಮಾಡಿ ಭೂತಗನ್ನಡಿಯಲ್ಲಿ ನೋಡಿದಾಗ ಗೀರುಗಳು ಅಕ್ಷರಗಳ ಅಂಚನ್ನು ಮೊಂಡಾಗಿಸಿ ದಾಟಿ ಹೋಗಿದ್ದವು. ಹೆಸರು ರೀಲಿನಷ್ಟೇ ಹಳೆಯದು. ನಾನು ಒಂದು ಚೀಟಿಯಲ್ಲಿ ಹೀಗೆ ಬರೆದು ಕೊಟ್ಟೆ: ‘ಜೂಲಿಯಸ್ ವೊಮ್ ಹೋಫ್ ಪೇಟೆಂಟಿನ ರೀಲು, ಅಂಗಡಿಯ ಹೆಸರು ಮೂಲದ್ದು, 1889ರ ಅಕ್ಟೋಬರಿಗಿಂತ ಹಿಂದಿನದಲ್ಲ, ಪಾದ ಒಂದು ತುದಿಯಲ್ಲಿ ಸವೆಸಿದ್ದು, ಗುಂಡಿ ಮತ್ತು ಒಂದು ತಿರುಪು ಬದಲಿ, ಹೊರಮೈ ಮುಟ್ಟಿಲ್ಲ.’ ಅವರು ಚೀಟಿಯನ್ನು ಎರಡು ಸಲ ಓದಿ, ಆ ಗುಂಡಿಯನ್ನು ತಮ್ಮ ಅಜ್ಜ ತಾವೇ ಮರದಲ್ಲಿ ಕಡೆದು ಹಾಕಿದ್ದರೆಂದು ತಿಳಿಸಿದರು. ಅವರು ಹೇಳಿದ ಆ ಮಾತನ್ನೂ ಚೀಟಿಯ ಕೆಳಗೆ ಸೇರಿಸಿದೆ.