ನಿಲ್ದಾಣದ ಗೇಟಿನ ಹೊರಗಿನ 800 ಮೀಟರ್

ಒಂದು ಮೆಟ್ರೊ ನಿಲ್ದಾಣ ಎಷ್ಟು ಮನೆಗಳಿಗೆ ಅನುಕೂಲವಾದೀತು ಎಂದು ಅಂದಾಜಿಸಲು ನಾವು ಸಾರಿಗೆ ಯೋಜಕರು ನಕ್ಷೆಯಲ್ಲಿ ಅದರ ಸುತ್ತ 800 ಮೀಟರ್ ತ್ರಿಜ್ಯದ ವೃತ್ತ ಎಳೆಯುತ್ತೇವೆ. ಸಾಧಾರಣ ನಡಿಗೆಗೆ ಅದು ಹತ್ತು ನಿಮಿಷದ ದಾರಿ. ಬೆಂಗಳೂರಿನಲ್ಲಿ ಈ ವೃತ್ತವನ್ನು ನಂಬಿ ಕೂರಲಾಗದು. ನೇರ ಗೆರೆಯಲ್ಲಿ 300 ಮೀಟರ್ ಇರುವ ಮನೆಯವರೂ ಬಡಾವಣೆಯ ಕಾಂಪೌಂಡು, ಬೀಗ ಹಾಕಿದ ಹಿಂದಿನ ಗೇಟು, ದಾಟಲಾಗದ ಮುಖ್ಯರಸ್ತೆಗಳನ್ನು ಸುತ್ತಿ ಒಂದು ಕಿಲೋಮೀಟರ್ ನಡೆಯಬೇಕಾಗುತ್ತದೆ. ಆದ್ದರಿಂದ ನಾನು ಮೊದಲು ನಡೆದು ನೋಡುತ್ತೇನೆ, ನಕ್ಷೆ ಆಮೇಲೆ.

ನಡೆದರೆ ಮೊದಲು ಅರಿವಾಗುವುದು ಫುಟ್‌ಪಾತಿನ ಎತ್ತರ. ಪಾದಚಾರಿ ಸೌಲಭ್ಯಗಳ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರಡಿಸಿದ ಐಆರ್‌ಸಿ 103 ಮಾರ್ಗಸೂಚಿಯ ಪ್ರಕಾರ ಅದು 15 ಸೆಂಟಿಮೀಟರ್ ಮೀರಬಾರದು. ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ನಮ್ಮ ಎಷ್ಟೋ ರಸ್ತೆಗಳಲ್ಲಿ ಚರಂಡಿಗೆ ಹೊದಿಸಿದ ಚಪ್ಪಡಿಯೇ ಫುಟ್‌ಪಾತ್. ಪ್ರತಿ ಮನೆಯೆದುರು ಕಾರು ಒಳಹೋಗಲೆಂದು ಇಳಿಜಾರು, ನಾಲ್ಕು ಹೆಜ್ಜೆಗೆ ಮತ್ತೆ ಏರು, ನಡುವೆ ಟ್ರಾನ್ಸ್‌ಫಾರ್ಮರ್. ಮಂಡಿನೋವಿನ ಅಜ್ಜಿಯಾಗಲಿ, ಮಗುವನ್ನು ಎತ್ತಿಕೊಂಡ ತಾಯಿಯಾಗಲಿ ರಸ್ತೆಗೇ ಇಳಿಯುತ್ತಾರೆ. ಅವರಿಗೆ ಶಿಸ್ತಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನ ರಸ್ತೆಗಳನ್ನು ಹೊಸದಾಗಿ ರೂಪಿಸುವ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆಯಂಥ ಕಡೆ ಕೊಳವೆ, ಕೇಬಲ್‌ಗಳಿಗೆ ನೆಲದಡಿ ಜಾಗ ಮಾಡಿ, ಮೇಲೆ ಅಗಲವಾದ ಫುಟ್‌ಪಾತ್ ಕಟ್ಟಲಾಯಿತು. ಅಲ್ಲಿ ಜನ ಫುಟ್‌ಪಾತಿನ ಮೇಲೆಯೇ ನಡೆಯುತ್ತಾರೆ.

ಸೈಕಲ್ಲಿನ ಲೆಕ್ಕವನ್ನು ಅಧಿಕಾರಿಗಳಿಗೆ ಹೇಳಿ ನನಗಿನ್ನೂ ದಣಿವಾಗಿಲ್ಲ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಅದೇ ಹತ್ತು ನಿಮಿಷಕ್ಕೆ ಎರಡು ಕಿಲೋಮೀಟರ್ ಸಾಗಬಹುದು. ತ್ರಿಜ್ಯ ಎರಡೂವರೆ ಪಟ್ಟಾದಾಗ ನಿಲ್ದಾಣದ ವ್ಯಾಪ್ತಿಯ ವಿಸ್ತೀರ್ಣ ಆರು ಪಟ್ಟಿಗೂ ಹೆಚ್ಚಾಗುತ್ತದೆ. ಆದರೆ ಸೈಕಲ್ ನಿಲ್ಲಿಸಲು ತೋರಿಸುವ ಜಾಗ ಹೆಚ್ಚಾಗಿ ಪಾರ್ಕಿಂಗಿನ ಕಟ್ಟಕಡೆಯ ಮೂಲೆ. ಚಕ್ರ ಮತ್ತು ಫ್ರೇಮ್ ಎರಡನ್ನೂ ಸೇರಿಸಿ ಬೀಗ ಹಾಕುವ ಕಂಬಿ, ಮೇಲೊಂದು ಸೂರು, ಕಾವಲುಗಾರನ ಕಣ್ಣಳತೆ, ಇಷ್ಟಿಲ್ಲದೆ ಯಾರು ತಾನೇ ಸೈಕಲ್ ಬಿಟ್ಟು ರೈಲು ಹತ್ತುತ್ತಾರೆ?

ತೊಡಕಿರುವುದು ಹೊಣೆಯಲ್ಲಿ. ನಿಲ್ದಾಣ ಮೆಟ್ರೊ ನಿಗಮದ್ದು, ರಸ್ತೆ ಪಾಲಿಕೆಯದ್ದು, ಬಸ್ ಬಿಎಂಟಿಸಿಯದ್ದು, ಸಿಗ್ನಲ್ ಸಂಚಾರ ಪೊಲೀಸರದ್ದು. ನಿಲ್ದಾಣ ಕಟ್ಟುವ ಟೆಂಡರಿನಲ್ಲೇ ಸುತ್ತಲಿನ 800 ಮೀಟರ್‌ನ ಫುಟ್‌ಪಾತ್, ರಸ್ತೆ ದಾಟುವ ಜಾಗ ಮತ್ತು ಸೈಕಲ್ ಕಂಬಿಗಳನ್ನು ಸೇರಿಸಬೇಕು. ಅವು ಮುಗಿಯುವವರೆಗೆ ನಿಲ್ದಾಣದ ಕಾಮಗಾರಿ ಪೂರ್ಣಗೊಂಡಿದೆ ಎಂದು ಯಾರೂ ಸಹಿ ಹಾಕಬಾರದು.